ಮೂರು ಫ್ಯಾನಿನ ಕಾರ್ಡು

ಒಂದು ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಕಂಪ್ಯೂಟರಿನಲ್ಲಿ ಆಟದ ಚಿತ್ರ ಬರೆಯುವ ಯಂತ್ರವನ್ನು, ಡಬ್ಬಿ ಸಮೇತ ನನ್ನ ಕೈಗೆ ಕೊಡಿ. ಡಬ್ಬಿ ಬಿಚ್ಚದೆ, ತೂಕದ ಮೇಲೇ ಅದರ ಜಾತಕ ಹೇಳುತ್ತೇನೆ. ಅದರಲ್ಲಿ ಯಾವ ಆಟ ಓಡುತ್ತದೆ, ಯಾವುದು ಕುಂಟುತ್ತದೆ, ಎಷ್ಟು ಹೊತ್ತಿಗೆ ಬಿಸಿಯಾಗಿ ಗೊರಗುಟ್ಟುತ್ತದೆ, ಎಲ್ಲ. ತಲೆಗೆ ಕಟ್ಟಿಕೊಂಡು ಆಡುವ ವಿಆರ್ ಆಟ ಇದೆಯಲ್ಲ, ಎರಡು ಪುಟ್ಟ ಪರದೆಗಳು ಕಣ್ಣಿಗೇ ಬಂದು ಕೂತು ಮನೆಯ ಪಡಸಾಲೆಯನ್ನು ಬೆಟ್ಟದ ತುದಿ ಮಾಡಿಬಿಡುವುದು, ಅದಕ್ಕೆ ತಕ್ಕ ಕಾರ್ಡು ಆರಿಸುವುದರಲ್ಲಂತೂ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಹುಟ್ಟಿದ್ದರೂ ಇನ್ನೂ ತೊಟ್ಟಿಲಲ್ಲಿದ್ದಾನೆ. ಎಂಬತ್ತು ಮೀಟರ್ ಎತ್ತರದ ಕ್ರೇನಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಗಂಡಸೊಬ್ಬ ಭಯ ಬಿದ್ದು ನೆಲ ಹಿಡಿದಿದ್ದ. ಅವನನ್ನು ಒಂದೇ ಒಂದು ಡೈಲಾಗಿನಿಂದ ಎಬ್ಬಿಸಿ ನಿಲ್ಲಿಸಿದವನು ನಾನು. ಆ ಕಥೆ ಹೇಳುತ್ತೇನೆ, ಕೂತುಕೊಳ್ಳಿ. ಒಂದೇ ಷರತ್ತು. ದೊಡ್ಡ ಹೀರೋಗಳು ತಮ್ಮನ್ನು ತಾವು ನಾನು ಗೀನು ಅನ್ನುವುದಿಲ್ಲ, ಹೆಸರು ಹಿಡಿದೇ ಹೇಳಿಕೊಳ್ಳುತ್ತಾರೆ. ನನ್ನನ್ನು ಮನೆಯಲ್ಲೂ ಕೆಲಸದಲ್ಲೂ ಕರೆಯುವುದು ರೀಲು ಎಂದು. ಯಾಕೆ ಎಂದು ಕೇಳಬೇಡಿ, ಕೊನೆಗೆ ನಿಮಗೇ ಗೊತ್ತಾಗುತ್ತದೆ. ಇಲ್ಲಿಂದ ಮುಂದೆ ನಾನಿಲ್ಲ, ರೀಲು ಇದ್ದಾನೆ. ಅವನನ್ನು ನೋಡಿ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ರೀಲು ಮೊಬೈಲ್ ಅಂಗಡಿಯ ಗಾಜಿನ ಕೌಂಟರಿನ ಹಿಂದೆ ಕೂತು ಒಂದು ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದ. ದಿನಕ್ಕೆ ನಲವತ್ತು ಅಂಟಿಸುವ ಕೈ ಅದು. ಗಿರಾಕಿಯ ಜೊತೆ ಹರಟುತ್ತಲೇ ಒಂದು ಮೂಲೆಯಿಂದ ಇಳಿಬಿಟ್ಟರೆ ಹಾಳೆ ನೀರಿನ ಹಾಗೆ ತಾನಾಗಿ ಹರಡಿಕೊಳ್ಳಬೇಕು. ಇವತ್ತು ನಟ್ಟನಡುವೆ ಒಂದು ಗುಳ್ಳೆ ಉಳಿಯಿತು. ಹೆಬ್ಬೆರಳಲ್ಲಿ ಒತ್ತಿದ; ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ಒತ್ತಿದ, ಮತ್ತೆ ನಡುವೆ ಬಂದು ಕೂತಿತು. ಫೋನಿನ ಯಜಮಾನಿ, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದ ದಪ್ಪ ಕನ್ನಡಕದ ಹೆಂಗಸು, ಬಗ್ಗಿ ನೋಡಿ, "ಅಲ್ಲೊಂದು ಉಳ್ಕೊಂಡಿದೆಯಲ್ಲಪ್ಪ" ಅಂದಳು. "ಅದು ಗುಳ್ಳೆ ಅಲ್ಲಮ್ಮ, ಏರ್‌ಬ್ಯಾಗು. ಫೋನ್ ಬಿದ್ರೆ ಕಾಪಾಡುತ್ತೆ" ಎಂದ ರೀಲು. ಬೇರೆ ದಿನವಾಗಿದ್ದರೆ ಈ ಮಾತಿಗೆ ಕೌಂಟರಿನ ಆಚೆ ಈಚೆ ಎಲ್ಲರೂ ನಗುತ್ತಿದ್ದರು. ಅವಳು ನಗಲಿಲ್ಲ. "ಬೇರೆ ಹಾಕು" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕಂಡದ್ದನ್ನು ಹೇಳುವ ದನಿ. ಅಂಥ ದನಿ ಕೇಳಿದರೆ ರೀಲುವಿನ ಕಿವಿಯ ತುದಿ ಬಿಸಿಯಾಗುತ್ತದೆ. ಗ್ರಾಫಿಕ್ಸ್ ಕಾರ್ಡು ಕೊಂಡ ಅಂಗಡಿಯ ಹೆಂಗಸಿನದೂ ಅದೇ ದನಿ. "ತಪ್ಪು ತಿಳ್ಕೊಂಡಿದ್ದೀರ ತಮ್ಮಾ" ಎಂದಿದ್ದಳು ಅವಳು, ಭಾವನ ಎದುರಿಗೇ, ನಿಧಾನವಾಗಿ, ಒಂದು ತಂತಿಯನ್ನು ಬೆರಳಿಗೆ ಸುತ್ತುತ್ತ.

ಭಾವ ಎಂದರೆ ಅಕ್ಕನ ಗಂಡ. ಹನ್ನೊಂದು ವರ್ಷದಿಂದ ಕ್ರೇನ್ ಆಪರೇಟರು. ನಾಳೆ ಬೆಳಗ್ಗೆ ಎಂಟು ಗಂಟೆಗೆ ಅವನು ಒಂದು ಲಕೋಟೆ ಹಿಡಿದುಕೊಂಡು ಕಟ್ಟಡದ ಸೈಟಿಗೆ ಹೋಗುತ್ತಾನೆ. ತಾನು ಇನ್ನು ಮೇಲೆ ಕ್ರೇನ್ ಹತ್ತುವುದಿಲ್ಲ, ಕೆಳಗೆ ಸಾಮಾನು ಕೋಣೆಯಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ ಕೊಟ್ಟರೆ ಮಾಡುತ್ತೇನೆ ಎಂದು ಅದರಲ್ಲಿ ಬರೆದಿದೆ. ಲಕೋಟೆ ಎರಡು ದಿನದಿಂದ ಅಕ್ಕನ ಮನೆಯ ಫ್ರಿಜ್ಜಿನ ಮೇಲೆ ಕೂತಿದೆ. ಗಾಳಿಗೆ ಹಾರದಿರಲಿ ಎಂದು ಅಕ್ಕ ಅದರ ಮೇಲೆ ಒಂದು ಈರುಳ್ಳಿ ಇಟ್ಟಿದ್ದಾಳೆ. ಹಾಗೆ ನೋಡಿದರೆ ನಡೆದದ್ದು ಏನೂ ಇಲ್ಲ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ದಿಢೀರನೆ ಗಾಳಿ ಬೀಸಿ, ಕೊಂಡಿಗೆ ನೇತಾಡುತ್ತಿದ್ದ ಗಾಜಿನ ಕಟ್ಟು ಒಂದು ಸುತ್ತು ತಿರುಗಿತು. ಭಾವ ಅದನ್ನು ಹೂವಿನ ಹಾಗೆ ಕೆಳಗಿಳಿಸಿದ. ಯಾರಿಗೂ ಏನೂ ಆಗಲಿಲ್ಲ, ಒಂದು ಗಾಜೂ ಬಿರಿಯಲಿಲ್ಲ. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆರೆದು ಏಣಿ ನೋಡಿದವನಿಗೆ ಕಾಲು ಬರಲಿಲ್ಲ. ಮೂರು ಗಂಟೆ ಅಲ್ಲೇ ಕೂತಿದ್ದ. ಕೊನೆಗೆ ಇಬ್ಬರು ಹೋಗಿ ಸೊಂಟಕ್ಕೆ ಬೆಲ್ಟು ಕಟ್ಟಿ, ಒಂದೊಂದು ಮೆಟ್ಟಿಲಿಗೂ ಒಂದೊಂದು ಪಾದ ಇಡಿಸಿ ಇಳಿಸಿಕೊಂಡು ಬಂದರು. ಕೆಳಗೆ ಇದ್ದವರೆಲ್ಲ ತಲೆ ಎತ್ತಿ ನೋಡುತ್ತಿದ್ದರಂತೆ. "ಅದೇ ಕಣೋ ಕಷ್ಟ ಆಗಿದ್ದು. ಅಷ್ಟು ವರ್ಷ ಅವರ ತಲೆ ಮಾತ್ರ ಕಾಣ್ತಿತ್ತು ನಂಗೆ. ಅವತ್ತು ಎಲ್ಲರ ಮುಖ ಕಾಣ್ತು" ಎಂದಿದ್ದ ಭಾವ. ಅವತ್ತಿನಿಂದ ರಜೆಯಲ್ಲಿದ್ದಾನೆ.

ಸೈಟಿನ ಡಾಕ್ಟರು, ಸ್ವಲ್ಪ ಸ್ವಲ್ಪವೇ ಎತ್ತರ ಅಭ್ಯಾಸ ಮಾಡಿ ಎಂದಿದ್ದರು. ಯಾವ ಎತ್ತರ, ಎಲ್ಲಿ, ಯಾರ ಮನೆ ತಾರಸಿ? ಆಗಲೇ ರೀಲುವಿನ ತಲೆಯಲ್ಲಿ ಬಲ್ಬು ಹತ್ತಿಕೊಂಡದ್ದು. "ಒಂದು ಆಟ ಇದೆ, ಭಾವ. ಎರಡು ಕಟ್ಟಡಗಳ ನಡುವೆ ಒಂದು ಹಲಗೆ. ಅದರ ಮೇಲೆ ನಡೆಯಬೇಕು, ಅಷ್ಟೇ. ನಿಂತಿರೋದು ನಿಮ್ಮನೆ ಹಾಲಲ್ಲಿ, ಬಿದ್ರೆ ಬೀಳೋದು ಚಾಪೆ ಮೇಲೆ. ಎಂಬತ್ತು ಮೀಟರ್ ಅಲ್ಲ, ಎಂಟು ನೂರು ಮೀಟರ್ ಹತ್ತಿಸ್ತೀನಿ ನಿನ್ನ. ನಿನ್ನ ಭಯಕ್ಕೆ ಇಂಟರ್ವಲ್ ಇಲ್ಲ, ಡೈರೆಕ್ಟ್ ಕ್ಲೈಮ್ಯಾಕ್ಸು." ಆಡಲು ಬೇಕಾದ ಹೆಡ್‌ಸೆಟ್ಟು ಸ್ನೇಹಿತನ ಹತ್ತಿರ ಸಿಕ್ಕಿತು, ಕಂಪ್ಯೂಟರು ರೀಲುವಿನದೇ ಇತ್ತು, ಅಕ್ಕನ ಮನೆಯ ಹಾಲಿಗೆ ತಂದಿಟ್ಟ. ಆ ಆಟವನ್ನು ಹೊರುವ ಗ್ರಾಫಿಕ್ಸ್ ಕಾರ್ಡು ಮಾತ್ರ ಹೊಸದು ಬೇಕಿತ್ತು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಅಕ್ಕ ಆ ದಿನ ಸಂಜೆ ಬಂದವಳು, "ಮನೇಲಿ ಇರೋದೇ ಎರಡು ಗಂಡಸ್ರು. ಇಬ್ರಿಗೂ ಈಗ ಮುಖಕ್ಕೆ ಡಬ್ಬಿ" ಎಂದಳು. ಆದರೆ ಊಟದ ಮೇಲೆ ರೀಲುವನ್ನು ಅಡುಗೆಮನೆಗೆ ಕರೆದು ಬೇರೆಯೇ ದನಿಯಲ್ಲಿ ಕೇಳಿದಳು: "ನಿಜವಾಗ್ಲೂ ಆಗುತ್ತಾ? ಅವರು ಆಸೆ ಇಟ್ಕೊಂಡ್ಬಿಟ್ಟಿದ್ದಾರೆ." ರೀಲು ಎದೆ ತಟ್ಟಿಕೊಂಡಿದ್ದ.

ಎರಡನೇ ಹಾಳೆ ಅಂಟಿಸುವಾಗ ರೀಲು ಉಸಿರು ಬಿಗಿಹಿಡಿದ. ಅವತ್ತು ಕಾರ್ಡಿನ ಅಂಗಡಿಯ ಮೇಜಿನ ಮೇಲೆ ಎರಡು ಕಾರ್ಡುಗಳಿದ್ದವು, ಹೆಚ್ಚುಕಡಿಮೆ ಒಂದೇ ಬೆಲೆಯವು. ಒಂದು ಬೂದು ಬಣ್ಣದ್ದು, ಎರಡು ಫ್ಯಾನು, ದೀಪ ಗೀಪ ಇಲ್ಲ, ಹಳೇ ಇಸ್ತ್ರಿಪೆಟ್ಟಿಗೆಯ ಹಾಗೆ ಮಲಗಿತ್ತು. ಇನ್ನೊಂದಕ್ಕೆ ಮೂರು ಫ್ಯಾನು, ಪಕ್ಕೆಯಲ್ಲಿ ಓಡಾಡುವ ನೀಲಿ ಕೆಂಪು ಬೆಳಕು, ಡಬ್ಬಿಯ ಮೇಲೆ ಬೆಂಕಿ ಉಗುಳುವ ಹಕ್ಕಿ, ಹದಿನಾರು ಜಿಬಿ ಎಂದು ಹೊಳೆಯುವ ಅಕ್ಷರ. ಬೂದು ಕಾರ್ಡಿನ ಮೇಲೆ ಹನ್ನೆರಡು ಎಂದಷ್ಟೇ ಇತ್ತು. ಹದಿನಾರು ಹನ್ನೆರಡಕ್ಕಿಂತ ದೊಡ್ಡದು ಎನ್ನುವುದಕ್ಕೆ ಯಾವ ಪದವಿ ಬೇಕು? ರೀಲು ಭಾವನಿಗೆ ಅದನ್ನೇ ವಿವರಿಸುತ್ತಿದ್ದ, ಸ್ವಲ್ಪ ಗಟ್ಟಿಯಾಗಿಯೇ. ಆಗಲೇ ಅವಳು ತಂತಿ ಸುತ್ತುತ್ತ ಹೇಳಿದ್ದು: "ತಪ್ಪು ತಿಳ್ಕೊಂಡಿದ್ದೀರ ತಮ್ಮಾ. ಮೆಮೊರಿ ಅಂದ್ರೆ ಬರೀ ಗೋದಾಮು. ಗೋದಾಮು ದೊಡ್ಡದಿದ್ರೆ ಏನು ಬಂತು, ಒಳಗೆ ಕೆಲಸಕ್ಕೆ ಎಷ್ಟು ಕೈ ಇದೆ ಅಂತ ನೋಡಬೇಕು. ನೀವು ಕೇಳ್ತಿರೋದು ವಿಆರ್‌ಗೆ. ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರ, ಸೆಕೆಂಡಿಗೆ ತೊಂಬತ್ತು. ಅಷ್ಟು ಬರೆಯೋಕೆ ಆಗದಿದ್ರೆ ಅದೇನ್ಮಾಡುತ್ತೆ ಗೊತ್ತಾ, ಮಧ್ಯೆ ಮಧ್ಯೆ ಒಂದೊಂದು ಚಿತ್ರ ತಾನೇ ಊಹೆ ಮಾಡಿ ಸೇರಿಸಿಬಿಡುತ್ತೆ. ಕಣ್ಣು ನಂಬುತ್ತೆ, ಹೊಟ್ಟೆ ನಂಬಲ್ಲ." ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅವರಲ್ಲಿ ಒಬ್ಬ ಮುಗುಳ್ನಕ್ಕ. ಅಷ್ಟೇ, ಬೇರೇನೂ ಅಲ್ಲ, ಒಂದು ಮುಗುಳ್ನಗೆ. ರೀಲು ಕೌಂಟರಿಗೆ ಮೊಣಕೈ ಊರಿ, "ಮೇಡಂ, ದೀಪ ಇಲ್ಲದ ಕಡೆ ಹೀರೋ ನಿಲ್ಲಲ್ಲ. ನಿಮ್ಮ ಬೂದಿಯನ್ನ ನೀವೇ ಇಟ್ಕೊಳ್ಳಿ, ಬೆಂಕಿ ನಮಗೆ ಕೊಡಿ" ಎಂದ. ಅವಳು ಭಾವನನ್ನು ನೋಡಿದಳು. ಭಾವ ಬೂದು ಕಾರ್ಡಿನ ಮೇಲೆ ಒಂದು ಕ್ಷಣ ಕೈ ಇಟ್ಟಿದ್ದ, ಯಂತ್ರಗಳನ್ನು ಮುಟ್ಟಿ ಗೊತ್ತಿರುವವನ ಹಾಗೆ. ಆಮೇಲೆ ಕೈ ತೆಗೆದು, "ನಮ್ಮ ಹುಡುಗ ಹೇಳಿದ್ದೇ ಫೈನಲ್ಲು" ಎಂದ. "ಡಬ್ಬಿ ಎಸೀಬೇಡಿ ಹಾಗಾದ್ರೆ. ಹದಿನೈದು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ" ಎಂದಳು ಅವಳು. ಇವತ್ತಿಗೆ ಹದಿಮೂರು ದಿನ.

ಭಾವ ಕೈ ತೆಗೆದದ್ದು ರೀಲುವಿಗೆ ಆಗ ಕಂಡಿರಲಿಲ್ಲ. ಈಗ ಕಾಣುತ್ತದೆ, ಹಾಳೆ ಇಳಿಬಿಡುವಾಗ, ಚಹಾ ಕುಡಿಯುವಾಗ, ಹಲ್ಲುಜ್ಜುವಾಗ. ಕಾರ್ಡು ಕೂರಿಸಿದ ಸಂಜೆ ಹಾಲಿನ ನಡುವಿನಿಂದ ಸೋಫಾ ಎಳೆದು ಗೋಡೆಗೆ ಸೇರಿಸಿದ್ದರು. ಭಾವನಿಗೆ ಧೈರ್ಯ ಬರಲಿ ಎಂದು ಮೊದಲು ರೀಲುವೇ ಹೆಡ್‌ಸೆಟ್ಟು ಕಟ್ಟಿಕೊಂಡ. ಹಲಗೆಯ ಈ ತುದಿಯಿಂದ ಆ ತುದಿಗೆ ಕೈ ಬೀಸಿಕೊಂಡು ನಡೆದ, ನಡುವೆ ನಿಂತು ಒಂದು ಕಾಲ ಮೇಲೆ ಕುಣಿದ, ಅಕ್ಕ ನಕ್ಕಳು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬೆಣ್ಣೆಯ ಹಾಗೆ ಜಾರುತ್ತಿತ್ತು. ಆಮೇಲೆ ಭಾವ ಕಟ್ಟಿಕೊಂಡ. ಒಂದು ಹೆಜ್ಜೆ. ಎರಡು. ನಾಲ್ಕನೇ ಹೆಜ್ಜೆಗೆ ಮುಗ್ಗರಿಸಿದ. ಚಾಪೆಯ ಮೇಲೆ ನಾಲ್ಕು ಕಾಲಲ್ಲಿ ನಿಂತು, ಹೆಡ್‌ಸೆಟ್ಟು ಕಿತ್ತು, ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ. ಮುಖ ಒರೆಸಿಕೊಂಡು ಬಂದು, ನಾಚಿಕೊಂಡು, ಕೇಳಿದ: "ಪ್ರಪಂಚ ಎಲ್ಲ ನಡುಗಿದ ಹಾಗೆ ಆಗುತ್ತಲ್ಲೋ. ನಿಂಗೂ ಹಂಗೇ ಆಗುತ್ತಾ, ಇಲ್ಲ ನಂಗೊಬ್ಬನಿಗೇನಾ?" ರೀಲು ಹೇಳಿದ: "ನಂಗೇನೂ ಆಗ್ಲಿಲ್ಲ ಭಾವ. ಬೆಣ್ಣೆ ತರ ಇತ್ತು."

ಮಾರನೆಯ ದಿನ ಭಾವ ಬರುವ ಮುಂಚೆ, ಹೆಡ್‌ಸೆಟ್ಟಿಗೆ ಎಷ್ಟು ಚಿತ್ರ ಹೋಗುತ್ತಿದೆ ಎಂದು ತೋರಿಸುವ ಪುಟ್ಟ ಅಂಕಿಯನ್ನು ರೀಲು ಪರದೆಯ ಮೂಲೆಯಲ್ಲಿ ತರಿಸಿಕೊಂಡು ನೋಡಿದ. ತೊಂಬತ್ತು ಇರಬೇಕಾದಲ್ಲಿ ನಲವತ್ತೊಂದು ಇತ್ತು. ಚಿತ್ರದ ಅಂದ ತಗ್ಗಿಸಿದ. ಕಟ್ಟಡಗಳೆಲ್ಲ ಸೋಪಿನ ಹಾಗೆ ಕರಗಿದವು, ನಲವತ್ತಾರು ಬಂತು. ಬಾಗಿಲಲ್ಲಿ ಭಾವನ ಚಪ್ಪಲಿ ಸದ್ದಾಯಿತು. ರೀಲು ಅಂಕಿಯನ್ನು ಅಳಿಸಿದ. ಕಾರ್ಡು ತೆಗೆದುಕೊಂಡು ಹೋಗಿ ಬದಲಾಯಿಸಿದರೆ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಬೇಕೆಂದರೆ ಬೆಂಕಿ ಹಕ್ಕಿಯ ಡಬ್ಬಿ ಹಿಡಿದು ಆ ಹೆಂಗಸಿನ ಮುಂದೆ ನಿಲ್ಲಬೇಕು, ಅವಳು ಏನೂ ಅನ್ನದೆ ತಂತಿ ಸುತ್ತಬೇಕು. ನಾಳೆ ಹೋಗೋಣ ಎಂದುಕೊಂಡ. ಹೀಗೆ ಹತ್ತು ಸಂಜೆ ಕಳೆದವು. ಹತ್ತು ಸಂಜೆಯೂ ಭಾವ ಕೆಲಸದಿಂದ ಬಂದವನಂತೆ ಕೈಕಾಲು ತೊಳೆದು, ಹಲಗೆಯ ಮೇಲೆ ನಿಂತು, ನಾಲ್ಕನೇ ಹೆಜ್ಜೆಗೆ ಮುಗ್ಗರಿಸಿದ. ಬರಬರುತ್ತ ನಗುವುದು ನಿಂತಿತು. ಊಟಕ್ಕೆ ಮುಂಚೆ ಆಡಿದರೆ ಕಕ್ಕುವುದಾದರೂ ತಪ್ಪುತ್ತದೆ ಎಂದು ಲೆಕ್ಕ ಹಾಕಿಕೊಂಡ. ಹನ್ನೊಂದನೇ ಸಂಜೆ ಹೆಡ್‌ಸೆಟ್ಟು ಮುಟ್ಟಲಿಲ್ಲ. ಮೇಜಿನ ಮುಂದೆ ಕೂತು, ಬಾಲ್‌ಪೆನ್ನು ಒತ್ತಿ ಒತ್ತಿ ಕಾಗದ ಬರೆದು, ಸಹಿ ಹಾಕಿ, "ಸುಳ್ಳು ಎತ್ತರಕ್ಕೇ ಹಿಂಗೆ ಹೆದರೋನು, ನಿಜವಾದ್ದಕ್ಕೆ ಏನು ಹತ್ತೋದು" ಎಂದ.

"ಈಗ ಸರಿಯಾಯ್ತು ನೋಡು" ಎಂದು ದಪ್ಪ ಕನ್ನಡಕದ ಹೆಂಗಸು ಫೋನನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಗುಳ್ಳೆ ಇರಲಿಲ್ಲ. ರೀಲುವಿಗೆ ಸಮಾಧಾನವಾಗಲಿಲ್ಲ. ಐದೂವರೆಗೆ ಅಂಗಡಿಯಿಂದ ಹೊರಟು, ಬಸ್ಸು ಹತ್ತದೆ, ನಡೆದೇ ಹೋದ. ದಾರಿಯಲ್ಲಿ ಮೂರು ಕಡೆ ಕ್ರೇನುಗಳು ಕಂಡವು. ರಜೆಯ ದಿನ ಅವುಗಳ ಉದ್ದ ತೋಳನ್ನು ಬಿಗಿಯದೆ ಬಿಟ್ಟಿರುತ್ತಾರೆ, ಗಾಳಿ ಬಂದ ಕಡೆಗೆ ತಾವಾಗಿ ತಿರುಗಲಿ ಎಂದು; ಬಿಗಿದು ನಿಲ್ಲಿಸಿದರೇ ಅಪಾಯ. ಭಾವ ಒಮ್ಮೆ ಹೇಳಿಕೊಟ್ಟಿದ್ದ, ರೀಲುವನ್ನು ಹೆಗಲ ಮೇಲೆ ಕೂರಿಸಿಕೊಂಡು. ಆಗ ರೀಲುವಿಗೆ ಹತ್ತು ವರ್ಷ, ಅಕ್ಕನಿಗೆ ಹೊಸದಾಗಿ ಮದುವೆ. ಆ ಹೆಗಲ ಮೇಲೂ ರೀಲು ಭಾವನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಮೆಲ್ಲಗೋ, ಇರೋದೇ ನಾಲ್ಕು" ಎಂದು ಭಾವ ನಕ್ಕಿದ್ದ. ಬೀದಿಯ ತುದಿಯಲ್ಲಿ ಅಕ್ಕನ ಮನೆಯ ಕಿಟಕಿ ಕಂಡಾಗ ರೀಲು ಒಂದು ಕ್ಷಣ ನಿಂತ. ಹೇಳಿಬಿಡಬೇಕು ಎಂದು ತೀರ್ಮಾನ ಮಾಡಿದ.

ಮುಂದಿನದ್ದು ನೀವು ಕಾಯುತ್ತಿದ್ದ ಸೀನು. ಬಾಗಿಲು ತಾನಾಗಿ ತೆರೆದುಕೊಂಡಿತು. ಹಿಂದಿನಿಂದ ಸಂಜೆಯ ಬೆಳಕು. ರೀಲು ನೇರ ಫ್ರಿಜ್ಜಿನ ಹತ್ತಿರ ನಡೆದ, ಈರುಳ್ಳಿಯನ್ನು ಗಾಳಿಯಲ್ಲಿ ಹಾರಿಸಿ ಹಿಡಿದ, ಲಕೋಟೆಯನ್ನು ಎರಡು ಚೂರು ಮಾಡಿದ. ಭಾವ ಎದ್ದು ನಿಂತ. ರೀಲು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ನಡುಗಿದ್ದು ನೀನಲ್ಲ ಭಾವ, ಚಿತ್ರ. ಸೋತಿದ್ದು ನಿನ್ನ ಕಾಲಲ್ಲ, ನನ್ನ ಕಾರ್ಡು. ನಾಳೆ ಬೆಳಗ್ಗೆ ಕ್ರೇನು ನಿನ್ನ ನೋಡಿ ತಲೆ ಬಗ್ಗಿಸಬೇಕು." ಭಾವ ಅವನನ್ನು ಬಾಚಿ ತಬ್ಬಿಕೊಂಡ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕ ಆ ದಿನ ಉಟ್ಟಿದ್ದದ್ದು ಸೀರೆಯೇ ಅಲ್ಲ. ಸೆರಗು ಎಲ್ಲಿಂದ ಬರಬೇಕು.

ಸರಿ, ಇದು ನಾನೇ ಊಹೆ ಮಾಡಿ ನಡುವೆ ಸೇರಿಸಿದ ಚಿತ್ರ. ನಿಮ್ಮ ಕಣ್ಣು ನಂಬಿತೇನೋ, ಹೊಟ್ಟೆ ನಂಬಿರಲಾರದು. ಇನ್ನು ರೀಲು ಗೀಲು ಎಲ್ಲ ಬೇಡ, ನಾನೇ ಹೇಳುತ್ತೇನೆ.

ಬಾಗಿಲು ತೆರೆದದ್ದು ಅಕ್ಕ. ಒಳಗೆ ಭಾವ ನೆಲದ ಮೇಲೆ ಕೂತು ಹೆಡ್‌ಸೆಟ್ಟಿನ ತಂತಿಯನ್ನು ನೀಟಾಗಿ ಸುತ್ತುತ್ತಿದ್ದ, ಸ್ನೇಹಿತನಿಗೆ ವಾಪಸ್ಸು ಕೊಡಲೆಂದು. ತೀರ್ಮಾನ ಮಾಡಿದೆ ಎಂದೆನಲ್ಲ, ಅದೂ ಸುಳ್ಳು. ನಾನು ಹೋದದ್ದು ಊಟಕ್ಕೆ. ಭಾವನ ಪಕ್ಕದಲ್ಲಿ ಕೂತು, ಊಟಕ್ಕೇನು ಎಂದು ಅಕ್ಕನನ್ನು ಕೇಳಿದೆ. ಭಾವನೇ ಕೇಳಿದ. "ಕೊಡೋಕೆ ಮುಂಚೆ ಇನ್ನೊಂದು ಸಲ ನೀನು ನಡೀತೀಯೇನೋ? ಅವತ್ತು ನಡೆದ್ಯಲ್ಲ, ಕೈ ಬೀಸ್ಕೊಂಡು. ಹೇಗೆ ಮಾಡ್ತೀಯ ಅಂತ ಸರಿಯಾಗಿ ನೋಡ್ಬೇಕು ಅನ್ನಿಸ್ತಿದೆ." ಅವನ ಮುಖದಲ್ಲಿ ಅಸೂಯೆ ಇರಲಿಲ್ಲ. ಕಲಿಯುವವನ ಮುಖ ಅದು.

ಕಟ್ಟಿಕೊಂಡೆ. ಕಣ್ಣು ತೆರೆದೆ. ಕೆಳಗೆ ಬೀದಿ ಇತ್ತು, ಎಷ್ಟೋ ಕೆಳಗೆ, ಬೆಂಕಿಪೊಟ್ಟಣದಂಥ ಕಾರುಗಳು. ತಲೆ ತಿರುಗಿಸಿದೆ, ಕಟ್ಟಡ ನನ್ನ ಜೊತೆ ತಿರುಗಲಿಲ್ಲ, ಒಂದು ಕ್ಷಣ ತಡಮಾಡಿ, ಅಂಚುಗಳನ್ನು ಹರಿದುಕೊಂಡು ಹಿಂದೆ ಹಿಂದೆ ಬಂತು. ನಾಲ್ಕಲ್ಲ, ಎರಡು ಹೆಜ್ಜೆ. ಎರಡನೆಯದಕ್ಕೆ ಮಂಡಿ ಊರಿ, ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡೆ. ಅದು ಭಾವನ ಕಾಲು. "ದೂರ ನೋಡು, ಕೆಳಗೆ ನೋಡ್ಬೇಡ. ಒಂದೇ ಕಡೆ ಕಣ್ಣಿಡು. ಉಸಿರು ಬಿಡು. ಹಾಂ, ಬಿಡು" ಎಂದು ಅವನು ನನ್ನ ಮೊಣಕೈ ಹಿಡಿದು ಹೇಳುತ್ತಿದ್ದ, ಎತ್ತರದಲ್ಲಿ ಹನ್ನೊಂದು ವರ್ಷ ಕಳೆದವನ ದನಿಯಲ್ಲಿ. ಆಮೇಲೆ ನಾನು ಅವನ ಪಾದದ ಮೇಲೆ ವಾಂತಿ ಮಾಡಿದೆ.

ಅಕ್ಕ ಬಟ್ಟೆ ತಂದು ಒರೆಸುತ್ತಿದ್ದಳು. ಭಾವ ಹೆಡ್‌ಸೆಟ್ಟು ಬಿಚ್ಚಿ, ನನ್ನ ಹಣೆಯ ಬೆವರು ನೋಡಿ ಕೇಳಿದ: "ಅವತ್ತು ಹೇಗೆ ನಡೆದೆ?"

"ಕಣ್ಣು ಮುಚ್ಕೊಂಡಿದ್ದೆ ಭಾವ."

"ಪೂರ್ತಿನಾ?"

"ಪೂರ್ತಿ. ಚಾಪೆ ಅಂಚು ಕಾಲಿಗೆ ಸಿಗ್ತಿತ್ತಲ್ಲ, ಅದನ್ನ ಹಿಡ್ಕೊಂಡು ನಡೆದೆ."

ಮಿಕ್ಕದ್ದೆಲ್ಲ ಆಮೇಲೆ ತಾನಾಗಿ ಹೊರಬಂತು: ನಲವತ್ತೊಂದು, ಅಳಿಸಿದ ಅಂಕಿ, ಗೋದಾಮು, ಆ ಗಿರಾಕಿಯ ಮುಗುಳ್ನಗೆ. "ತೊಂಬತ್ತು ಬೇಕಿತ್ತು ಭಾವ. ಅರ್ಧಾನೂ ಬರ್ತಿರಲಿಲ್ಲ." ಭಾವ ಗೋಡೆಗೊರಗಿ ಕೂತ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಸುಲಭವಾಗುತ್ತಿತ್ತು. "ನಿಂಗೇನೂ ಆಗಲ್ಲ ಅಂದ್ಯಲ್ಲೋ. ಅದಕ್ಕೇ ನಾನು ಸಹಿ ಹಾಕಿದ್ದು" ಎಂದ ಅವನು, ಮೆಲ್ಲಗೆ. ಅಕ್ಕ ಒರೆಸುವುದನ್ನು ನಿಲ್ಲಿಸಿದಳು. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೇನೋ ಎಂದು ನೋಡಿದರೆ ನಗುತ್ತಿದ್ದ, ಸದ್ದಿಲ್ಲದೆ. "ಹಾಗಾದ್ರೆ ಈ ಭಯದಲ್ಲಿ ಅರ್ಧ ನಿಂದೇ ಅನ್ನು. ಇಷ್ಟು ದಿನ ಎಲ್ಲಾ ನಾನೊಬ್ಬನೇ ಹೊತ್ಕೊಂಡು ಓಡಾಡ್ತಿದ್ದೆ."

ಸೋಮವಾರ ಅವನು ಕ್ರೇನಿನ ತುದಿಗೆ ಹತ್ತಲಿಲ್ಲ. ಸಿನಿಮಾ ಅಲ್ಲವಲ್ಲ. ಲಕೋಟೆ ಜೇಬಿನಲ್ಲೇ ಇಟ್ಟುಕೊಂಡು ಹನ್ನೆರಡು ಮೆಟ್ಟಿಲು ಹತ್ತಿ, ಏಣಿಯ ಮೊದಲನೇ ಅಟ್ಟಣಿಗೆಯ ಮೇಲೆ ನಿಂತು, ತಾನಾಗಿ ಇಳಿದು ಬಂದು, ಇನ್ನೂ ಮೂರು ವಾರ ಕೊಡಿ ಎಂದು ಕೇಳಿದ. ಕೊಟ್ಟರು. ಅದೇ ಸಂಜೆ ನಾನು ಬೆಂಕಿ ಹಕ್ಕಿಯ ಡಬ್ಬಿ ಹಿಡಿದು ಆ ಅಂಗಡಿಗೆ ಹೋದೆ. ಅವಳು ತಂತಿ ಸುತ್ತುತ್ತ, ಏನೂ ಅನ್ನದೆ, ಬೂದು ಕಾರ್ಡು ತೆಗೆದು ಕೊಟ್ಟಳು. ಒಂದೇ ಒಂದು ಮಾತು ಅಂದಿದ್ದರೂ ಉತ್ತರ ಸಿದ್ಧವಿತ್ತು.

ಈಗ ಅಂಕಿ ತೊಂಬತ್ತರಲ್ಲೇ ನಿಂತಿದೆ. ಭಾವ ಹಲಗೆಯ ಆ ತುದಿ ಮುಟ್ಟಿ ಬರುತ್ತಾನೆ. ಕೆಲವು ಸಲ ನಡುವೆ ನಿಂತು ಕೆಳಗೆ ನೋಡುತ್ತಾನೆ, ಬೆನ್ನು ಒದ್ದೆಯಾಗುತ್ತದೆ, ಆದರೂ ನೋಡುತ್ತಾನೆ. ಅವನದಾದ ಮೇಲೆ ನನ್ನ ಸರದಿ; ಅದು ಅವನು ಹಾಕಿದ ಕಾನೂನು. ನಾನು ಹೆಜ್ಜೆ ಇಡುವಾಗ ಪಕ್ಕದಲ್ಲೇ ನಿಂತು, "ಕಣ್ಣು ಬಿಟ್ಟಿದ್ದೀಯೇನೋ?" ಎಂದು ಕೇಳುತ್ತಾನೆ. ಬಿಟ್ಟಿದ್ದೀನಿ ಭಾವ, ಅನ್ನುತ್ತೇನೆ. ಒಂದೊಂದು ದಿನ ಅದು ಸುಳ್ಳು.